ಹತ್ತು ನಿಮಿಷದ ದೀಪ

ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಬಹಳ ವರ್ಷ ಒಂದು ಬಗೆಯ ತಾತ್ಸಾರವಿತ್ತು. ನಾನು ಸಂಖ್ಯಾಶಾಸ್ತ್ರ ಓದಿದವನು. ಸಾವಿರ ಸಲ ಏನೂ ಆಗದೆ ಒಂದು ಸಲ ಏನೋ ಕಾಕತಾಳೀಯವಾಗಿ ನಡೆದರೆ ಜನ ಆ ಒಂದನ್ನೇ ನೆನಪಿಟ್ಟುಕೊಂಡು, ಹೇಳಿ ಹೇಳಿ ಬೆಳೆಸುತ್ತಾರೆ ಎಂದು ಎಷ್ಟೋ ಜನರ ಜೊತೆ ವಾದಿಸಿದ್ದೇನೆ. ಆ ವಾದವನ್ನು ಈಗಲೂ ಬಿಟ್ಟಿಲ್ಲ. ಆದರೆ ಡೊಂಬಿವಲಿಯ ಆ ಒಂದು ಮಧ್ಯಾಹ್ನದ ಮಟ್ಟಿಗೆ ಅದು ನನ್ನ ಕೈ ಹಿಡಿದಿಲ್ಲ.

ಕಾಲೇಜಿನಿಂದಲೂ ಡೈರಿ ಬರೆಯುತ್ತ ಬಂದಿದ್ದೇನೆ. ನೆನಪಿನ ಮೇಲೆ ಭರವಸೆ ಇಲ್ಲದವರಿಗೆ ಬರುವ ಅಭ್ಯಾಸ ಅದು. ಹಾಗಾಗಿ ಕೆಳಗೆ ಯಾವುದು ಡೈರಿಯಲ್ಲಿದೆ, ಯಾವುದು ಬರೀ ನನ್ನ ತಲೆಯಲ್ಲಿದೆ ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ.

ಮೊಬೈಲ್ ಡೇಟಾ ಅಗ್ಗವಾಗಿ ಎಲ್ಲರ ಕೈಯಲ್ಲೂ ವಿಡಿಯೋ ಓಡತೊಡಗಿದ ಹೊಸದು. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಒಂದು ಭಜನಾ ಮಂಡಳಿ ಇತ್ತು. ಉಡುಪಿ, ದಕ್ಷಿಣ ಕನ್ನಡದಿಂದ ಹೋಟೆಲು ಕೆಲಸಕ್ಕೆಂದು ಬಂದವರು ಕಟ್ಟಿದ್ದು. ನಾನು ಮೈಸೂರಿನವನು, ಅವರ ತುಳು ನನಗೆ ಅರ್ಥವಾಗುವುದಿಲ್ಲ. ಆದರೂ ಕನ್ನಡ ಕೇಳಿಸುವ ಜಾಗ ಎಂದು ಭಾನುವಾರ ಹೋಗಿ ಕೂರುತ್ತಿದ್ದೆ.

ವರ್ಷಕ್ಕೊಮ್ಮೆ ಅಲ್ಲಿ ಏಳು ದಿನದ ಅಖಂಡ ಭಜನೆ. ಏಳು ದಿನವೂ ಹಾಡು ನಿಲ್ಲಬಾರದು, ದೀಪ ಆರಬಾರದು. ಒಂದು ತಂಡ ಏಳುವ ಮೊದಲೇ ಮುಂದಿನ ತಂಡ ಕೂತು ತಾಳ ಕೈಗೆ ತೆಗೆದುಕೊಳ್ಳಬೇಕು. ದೀಪಕ್ಕೂ ಪಾಳಿ ಉಂಟು. ಪಾಳಿಯವನ ಕೈಯಲ್ಲಿ ಎಣ್ಣೆಯ ಗಿಂಡಿ ಇರುತ್ತದೆ. ಅದನ್ನು ನೆಲಕ್ಕಿಟ್ಟು ಹೋಗುವ ಹಾಗಿಲ್ಲ, ಮುಂದಿನವನ ಕೈಗೇ ಕೊಟ್ಟು ಹೋಗಬೇಕು. ಮುಂದಿನವನು ಬರದಿದ್ದರೆ ಅವನು ಬರುವವರೆಗೂ ಕೂರಬೇಕು.

ಹಿಂದೆ ಇದೇನೂ ಕಷ್ಟವಾಗಿರಲಿಲ್ಲವಂತೆ. ಈಗ ಜನ ಠಾಣೆ, ಕಳವಾ, ವಾಶಿ, ಕಲ್ಯಾಣ ಎಂದು ಸುತ್ತಲಿನ ಊರುಗಳಿಗೆ ಚದುರಿಹೋಗಿದ್ದರು, ಮಕ್ಕಳಿಗೆ ಹಾಡು ಬರುತ್ತಿರಲಿಲ್ಲ. ಕೆಲಸದ ದಿನಗಳ ಮಧ್ಯಾಹ್ನದ ಪಾಳಿಗಳು ಖಾಲಿ ಬೀಳತೊಡಗಿದವು. ಕಾರ್ಯದರ್ಶಿ ಸದಾನಂದಣ್ಣನಿಗೆ ಕಲ್ಯಾಣದಲ್ಲಿ ಹೋಟೆಲಿತ್ತು. ಅವರು ಒಂದು ಭಾನುವಾರ ನನ್ನನ್ನು ಪಕ್ಕಕ್ಕೆ ಕರೆದು, ಭಜನೆಯನ್ನು ಇಡೀ ಏಳು ದಿನ ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸಬೇಕು, ಜನ ಇಲ್ಲದ ಹೊತ್ತಿಗೆ ಹಳೆಯ ವರ್ಷಗಳ ರೆಕಾರ್ಡು ತಾನಾಗಿ ಓಡಬೇಕು, ಆಗುತ್ತದಾ ಎಂದು ಕೇಳಿದರು. ಹಾಗೆ ಮಾಡಿದರೆ ಅಖಂಡ ಎನ್ನಬಹುದೇ ಎಂದೆ.

“ಹಾಡು ನಿಲ್ಲಬಾರದು ಅಂತ ಮಾತ್ರ ಉಂಟು ಮಾರಾಯ್ರೆ. ಬಾಯಿಂದಲೇ ಬರ್ಬೇಕು ಅಂತ ಯಾರು ಹೇಳಿದ್ದು?” ಎಂದರು ಅವರು.

ನನಗೆ ಅದು ಒಳ್ಳೆಯ ತಮಾಷೆಯಾಗಿಯೂ ಒಳ್ಳೆಯ ಕೆಲಸವಾಗಿಯೂ ಕಂಡಿತು. ಒಂದು ಸಣ್ಣ ಪ್ರೋಗ್ರಾಂ ಬರೆದೆ. ಯಾವ ಹೊತ್ತಿಗೆ ಯಾವ ವಿಡಿಯೋ ಎಂದು ಒಂದು ಪಟ್ಟಿ. ಆ ಹೊತ್ತು ಬಂದೊಡನೆ ಮಂಡಳಿಯ ಹಾಲ್‌ನ ಕಂಪ್ಯೂಟರು ಆ ವಿಡಿಯೋವನ್ನು ನೇರಪ್ರಸಾರಕ್ಕೆ ಕಳಿಸುತ್ತಿತ್ತು, ಅದೇ ಹಾಡು ಹಾಲ್‌ನ ಸ್ಪೀಕರಿನಲ್ಲೂ ಬರುತ್ತಿತ್ತು. ತಂಡ ಬಂದು ಕೂತರೆ ಒಂದು ಗುಂಡಿ ಒತ್ತಿದರಾಯಿತು, ಕ್ಯಾಮೆರಾದ ಚಿತ್ರ ಹೋಗುತ್ತಿತ್ತು. ಒಂದು ವಿಡಿಯೋ ಬೇಗ ಮುಗಿದು ಮುಂದಿನದಕ್ಕೆ ಹೊತ್ತು ಉಳಿದರೆ ಪರದೆ ಕಪ್ಪಾಗಬಾರದಲ್ಲ, ಅದಕ್ಕೆ ದೀಪದ ವಿಡಿಯೋ ಮಾಡಿದ್ದೆ. ಭಜನೆಗೆ ಮೊದಲಿನ ಭಾನುವಾರ ಕಾಲುದೀಪಕ್ಕೆ ತುಂಬ ಎಣ್ಣೆ ಹಾಕಿಸಿ, ಎರಡು ಬತ್ತಿ ಹಚ್ಚಿ, ಫ್ಯಾನು ಆರಿಸಿ, ಕಿಟಕಿ ಮುಚ್ಚಿ ಹತ್ತು ನಿಮಿಷ ತೆಗೆದದ್ದು. ಹಿಂದೆ ತಂಬೂರಿಯ ಶ್ರುತಿ. ಮುಗಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಪರದೆಯ ಮೂಲೆಯಲ್ಲಿ ‘ಹಳೆಯ ಚಿತ್ರ’ ಎಂದು ಹಾಕಲೇ ಎಂದು ಕೇಳಿದ್ದಕ್ಕೆ, ಭಕ್ತರಿಗೆ ಬೇಸರವಾಗುತ್ತದೆ, ಬೇಡ ಎಂದರು ಸದಾನಂದಣ್ಣ. ನಾನೂ ಒತ್ತಾಯ ಮಾಡಲಿಲ್ಲ. ಇದು ಡೈರಿಯಲ್ಲಿದೆ.

ಮೊದಲ ಮೂರು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಇನ್ನೂರು ಮುನ್ನೂರು ಜನ ನೋಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದವರು ಕಳವಾದ ವಾರಿಜಕ್ಕ. ಮೂವತ್ತು ವರ್ಷ ಮಧ್ಯಾಹ್ನದ ಪಾಳಿಯಲ್ಲಿ ಹಾಡಿದವರು, ಈಗ ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾರರು. ಫೋನನ್ನು ಡಬ್ಬಿಗೆ ಒರಗಿಸಿಟ್ಟು ಅಡುಗೆ ಮಾಡುತ್ತ ನೋಡುತ್ತಿದ್ದರಂತೆ. ಶ್ರುತಿ ಸಣ್ಣದಾಯಿತು, ಹಾರ ವಾಲಿದೆ ಎಂದು ದಿನಕ್ಕೆ ನಾಲ್ಕು ಸಲ ನನಗೆ ಫೋನ್ ಮಾಡುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಅವರು ಹೇಳುತ್ತಿದ್ದ ಹಾರ ಎಷ್ಟೋ ಸಲ ಹೋದ ವರ್ಷದ್ದಾಗಿರುತ್ತಿತ್ತು.

ನಾಲ್ಕನೆಯ ದಿನ ಬುಧವಾರ. ನಾನು ರಜೆ ಹಾಕಿ ಮನೆಯಲ್ಲಿದ್ದೆ, ಹಾಲ್‌ಗೆ ನಡೆದರೆ ಹದಿನೈದು ನಿಮಿಷದ ದಾರಿ. ಬೆಳಿಗ್ಗೆ ಕಲ್ಯಾಣದ ಹೆಂಗಸರ ತಂಡ ಹನ್ನೆರಡರವರೆಗೆ ಹಾಡಿ ಹೋಗಿತ್ತು. ಮೂರು ಗಂಟೆಗೆ ವಾಶಿಯ ತಂಡ ಬರಬೇಕು. ನಡುವೆ ರೆಕಾರ್ಡು. ಎರಡರ ವಿಡಿಯೋ ಐವತ್ತು ನಿಮಿಷದ್ದು, ಆಮೇಲೆ ಮೂರರವರೆಗೆ ದೀಪ.

ಎರಡು ಐವತ್ತಮೂರಕ್ಕೆ ವಾರಿಜಕ್ಕನ ಫೋನ್ ಬಂತು. ಈ ಹೊತ್ತು ಫೋನಿನ ಪಟ್ಟಿಯಿಂದ ಬರೆದುಕೊಂಡದ್ದು, ಅದರಲ್ಲಿ ಅನುಮಾನವಿಲ್ಲ.

“ದೀಪ ಸಣ್ಣ ಆಗ್ತಾ ಉಂಟಲ್ಲ, ಅಲ್ಲಿ ಯಾರಿಲ್ವಾ? ಎಣ್ಣೆ ಹಾಕ್ಲಿಕ್ಕೆ ಹೇಳಿ,” ಎಂದರು.

ನನಗೆ ನಗು ಬಂತು. ಸರಿ ಅಕ್ಕ, ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆ ದೀಪ ಸಣ್ಣದಾಗಲು ಸಾಧ್ಯವೇ ಇರಲಿಲ್ಲ. ಆದರೂ, ಯಾಕೋ, ಫೋನಿನಲ್ಲಿ ಪ್ರಸಾರವನ್ನು ತೆರೆದೆ.

ಎಡಗಡೆಯ ಬತ್ತಿ ಆರಿ ಹೊಗೆಯಾಡುತ್ತಿತ್ತು. ಬಲಗಡೆಯದು ಬತ್ತಿಯ ತುದಿಗೆ ಅಂಟಿಕೊಂಡು ನೀಲಿಯಾಗಿ ಉರಿಯುತ್ತಿತ್ತು. ತಂಬೂರಿಯ ಶ್ರುತಿ ಮಾತ್ರ ಎಂದಿನಂತೆ ಬರುತ್ತಿತ್ತು.

ಆ ಕ್ಷಣ ನನಗೆ ಭಯವೇನೂ ಆಗಲಿಲ್ಲ. ಪ್ರೋಗ್ರಾಂ ತಪ್ಪಿ ಕ್ಯಾಮೆರಾಕ್ಕೆ ಹೋಗಿದೆ ಎಂದುಕೊಂಡೆ. ಮನೆಯ ಲ್ಯಾಪ್‌ಟಾಪಿನಿಂದ ಹಾಲ್‌ನ ಕಂಪ್ಯೂಟರನ್ನು ತೆರೆದು ನೋಡಿದೆ. ಓಡುತ್ತಿದ್ದದ್ದು ದೀಪದ ವಿಡಿಯೋ. ಕ್ಯಾಮೆರಾ ಸಿಗುತ್ತಿಲ್ಲ ಎಂದು ಬರೆದಿತ್ತು. ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಎದ್ದೆ.

ಭುಜಂಗಣ್ಣನಿಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದ ಒಂಟಿ ಮನುಷ್ಯ. ದನಿ ಚೆನ್ನಾಗಿಲ್ಲವೆಂದು ಹಾಡದೆ ಪ್ರತಿ ವರ್ಷ ಬೆಳಗಿನ ದೀಪದ ಪಾಳಿ ಹಿಡಿಯುತ್ತಿದ್ದರು. ಅವರ ಪಾಳಿ ಹನ್ನೆರಡಕ್ಕೆ ಮುಗಿದಿರಬೇಕು, ಮುಂದಿನವರು ಯಾರೆಂದು ಅವರಿಗೆ ಗೊತ್ತಿರುತ್ತದೆ ಎಂದು ಮಾಡಿದ್ದು. ಎತ್ತಲಿಲ್ಲ. ಮೆಟ್ಟಿಲಿಳಿಯುತ್ತಲೇ ಮಂಡಳಿಯ ಕೆಳಗಿನ ಸೀರೆ ಅಂಗಡಿಯ ಮನ್ಸುಖ್‌ಭಾಯಿಗೆ ಫೋನ್ ಮಾಡಿ ಮೇಲೆ ಹೋಗಿ ನೋಡುವಂತೆ ಹೇಳಿದೆ.

“ಭಜನ್ ತೋ ಚಾಲೂ ಹೈ ಸಾಬ್, ಮೈ ಸುನ್ ರಹಾ ಹೂಂ,” ಎಂದ ಆತ. ಗಿರಾಕಿಗಳಿದ್ದರು, ಏಳಲಿಲ್ಲ. ಆಗ ಬರುತ್ತಿದ್ದದ್ದು ಬರೀ ಶ್ರುತಿ, ಆದರೆ ಮಧ್ಯಾಹ್ನವಿಡೀ ಮೇಲಿನಿಂದ ಹಾಡು ಕೇಳಿಸುತ್ತಿದ್ದರೆ ಯಾರಾದರೂ ಹಾಗೇ ಹೇಳುತ್ತಾರೆ.

ನಾನು ಓಡಿದೆ. ರಸ್ತೆಯ ಯಾವುದೂ ನೆನಪಿಲ್ಲ. ಹಾಲ್‌ನ ಬಾಗಿಲು ಒರಗಿಸಿತ್ತು. ವಾಶಿಯ ತಂಡ ಇನ್ನೂ ಬಂದಿರಲಿಲ್ಲ. ಒಳಗೆ ಸ್ಪೀಕರಿನಲ್ಲಿ ಅವರ ಹೊತ್ತಿಗೆಂದು ಇಟ್ಟಿದ್ದ ರೆಕಾರ್ಡು ಶುರುವಾಗಿತ್ತು, ಇಪ್ಪತ್ತು ಮೂವತ್ತು ಜನ ದನಿ ಎತ್ತಿ ಹಾಡುತ್ತಿದ್ದರು. ಖಾಲಿ ಜಮಖಾನೆಯ ಆಚೆ, ದೀಪದ ಪಕ್ಕದಲ್ಲಿ ಭುಜಂಗಣ್ಣ ಮಗ್ಗುಲಾಗಿ ಬಿದ್ದಿದ್ದರು. ಗಿಂಡಿ ಉರುಳಿ ಎಣ್ಣೆ ಅವರ ಅಂಗಿಯ ಕೆಳಗೆ ಹರಿದಿತ್ತು. ಮೈ ಬೆವತು ತಣ್ಣಗಿತ್ತು, ಉಸಿರಿತ್ತು. ಅವರ ತಲೆಯ ಮೇಲೆ ದೀಪದ ಎಡಬತ್ತಿ ಆರಿತ್ತು. ಬಲದ್ದು ಹನಿಯಷ್ಟು ಉರಿಯುತ್ತಿತ್ತು.

ನಾನು ಕೂಗಿದ್ದು ಹಾಡಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸ್ಪೀಕರಿನ ವೈರು ಕಿತ್ತೆ. ಹಾಡು ನಿಂತದ್ದೇ ಮನ್ಸುಖ್‌ಭಾಯಿ ಮೇಲೆ ಓಡಿಬಂದ. ಇಬ್ಬರೂ ಹೊತ್ತು ಕೆಳಗಿಳಿಸಿ ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದುಬಿಟ್ಟಿತ್ತು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಬಂದವರು ಮಧ್ಯಾಹ್ನದ ಊಟ ಮಾಡಿರಲಿಲ್ಲ. ಇನ್ನೊಂದು ತಾಸು ಯಾರೂ ನೋಡದಿದ್ದರೆ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು. ಉಳಿದರು.

ಊಟ ಯಾಕೆ ಮಾಡಿರಲಿಲ್ಲ ಎಂಬುದು ಸಂಜೆ ತಿಳಿಯಿತು. ಹನ್ನೆರಡಕ್ಕೆ ಗಿಂಡಿ ತೆಗೆದುಕೊಳ್ಳಬೇಕಿದ್ದ ಯುವಕನೊಬ್ಬ ಠಾಣೆಯ ತನ್ನ ಆಫೀಸಿನಲ್ಲಿ ಕೂತು ಫೋನಿನಲ್ಲಿ ಪ್ರಸಾರ ನೋಡಿದ್ದ. ಹಾಲ್ ತುಂಬ ಜನ ಹಾಡುತ್ತಿದ್ದರು, ದೀಪ ಚೆನ್ನಾಗಿ ಉರಿಯುತ್ತಿತ್ತು. ಬೇರೆ ಯಾರೋ ಗಿಂಡಿ ತೆಗೆದುಕೊಂಡಿರಬೇಕು ಎಂದು ಅವನು ಬರಲಿಲ್ಲ. ಅವನು ನೋಡಿದ್ದು ಹೋದ ವರ್ಷದ ಜನರನ್ನು. ತೋರಿಸಿದವನು ನಾನು. ಭುಜಂಗಣ್ಣ ಮಾತ್ರ ನಿಯಮದಂತೆ ಗಿಂಡಿ ಹಿಡಿದು ಕೂತೇ ಇದ್ದರು.

ಫೋನಾದರೂ ಮಾಡಬಾರದಿತ್ತೇ ಎಂದು ಮರುದಿನ ಆಸ್ಪತ್ರೆಯಲ್ಲಿ ಅವರನ್ನು ಕೇಳಿದೆ.

“ಹಾಡು ನಡೀತಾ ಇತ್ತಲ್ಲ,” ಎಂದರು ಅವರು. “ಮಧ್ಯದಲ್ಲಿ ಫೋನ್ ಮಾಡುದು ಹೇಗೆ?”

ಈ ಮಾತು ಇಂದಿಗೂ ನನ್ನ ನಿದ್ದೆ ಕೆಡಿಸುತ್ತದೆ. ಇದರಲ್ಲಿ ವಿಚಿತ್ರವೇನೂ ಇಲ್ಲ, ಇದು ಬರೀ ನನ್ನ ತಪ್ಪು. ವಿಚಿತ್ರದ ಮಾತಿಗೆ ಈಗ ಬರುತ್ತೇನೆ.

ಬುಧವಾರ ಸಂಜೆಯೇ ಹಾಲ್‌ಗೆ ಹೋಗಿ ಒಂದೊಂದನ್ನೂ ಪರೀಕ್ಷಿಸಿದೆ. ಕ್ಯಾಮೆರಾದ ವೈರನ್ನು ಹಾಡು ಮುಗಿದ ಮೇಲೆ ಬೆಳಗಿನ ತಂಡದ ಯಾರೋ ಕಿತ್ತು, ಆ ಜಾಗದಲ್ಲಿ ತಮ್ಮ ಮೊಬೈಲನ್ನು ಚಾರ್ಜಿಗೆ ಹಾಕಿದ್ದರು. ವೈರು ಮೇಜಿನ ಮೇಲೆ ಬಿದ್ದಿತ್ತು. ಅಂದರೆ ನಿಜವಾದ ದೀಪದ ಚಿತ್ರ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಪ್ರೋಗ್ರಾಂ ಬರೆದಿಟ್ಟ ದಾಖಲೆಯಲ್ಲಿ ಎರಡು ಐವತ್ತರಿಂದ ಮೂರರವರೆಗೆ ದೀಪದ ವಿಡಿಯೋ ಎಂದೇ ಇತ್ತು. ಪ್ರಸಾರದ ಉಳಿದ ಪ್ರತಿಯನ್ನೂ ತೆರೆದು ನೋಡಿದೆ. ಆ ಹತ್ತು ನಿಮಿಷವೂ ಎರಡು ಬತ್ತಿಗಳು ನೆಟ್ಟಗೆ, ಹಳದಿಯಾಗಿ ಉರಿಯುತ್ತಿದ್ದವು.

ಹಾಗಾದರೆ ನಾನು ನೋಡಿದ್ದೇನು? ಡೈರಿಯಲ್ಲಿ ಇಷ್ಟೇ ಇದೆ: ‘ವಾರಿಜಕ್ಕನ ಫೋನ್. ದೀಪ ಸಣ್ಣದಾಗಿದೆ ಎಂದರು. ನೋಡಿದೆ. ಎಡದ್ದು ಇಲ್ಲ.’ ಆದರೆ ಅದನ್ನು ಬರೆದದ್ದು ಮಲಗುವ ಮುನ್ನ. ಅಷ್ಟರಲ್ಲಿ ನಾಲ್ಕೈದು ಜನರಿಗೆ ಕಥೆ ಹೇಳಿಯಾಗಿತ್ತು. ಹಾಲ್‌ನಲ್ಲಿ ಕಂಡ ದೀಪವನ್ನು ನನ್ನ ತಲೆಯೇ ಹಿಂದಕ್ಕೆ ಒಯ್ದು ಫೋನಿನ ಪರದೆಯಲ್ಲಿ ಇಟ್ಟಿರಬಹುದು. ಕಿಟಕಿಯ ಬಿಸಿಲಿನಲ್ಲಿ ಪರದೆ ಮಸುಕಾಗಿ ಕಂಡಿರಬಹುದು. ಬೇರೆಯವರು ಈ ಕಥೆ ಹೇಳಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ.

ಆದರೆ ಮನ್ಸುಖ್‌ಭಾಯಿಯ ಮಾತು ಇದಕ್ಕೆ ಹೊಂದುವುದಿಲ್ಲ. ವಾರದ ನಂತರ ಆತ ತಾನಾಗಿ ಹೇಳಿದ. ನಾನು ಮೆಟ್ಟಿಲಿಳಿಯುತ್ತ ಫೋನ್ ಮಾಡಿದಾಗ, ‘ಏಕ್ ಬತ್ತಿ ಬುಝ್ ಗಯೀ ಹೈ, ಊಪರ್ ಜಾವೋ’ ಎಂದಿದ್ದೆನಂತೆ. ಒಂದು ಬತ್ತಿ ಆರಿದ್ದಕ್ಕೆ ಈ ಮನುಷ್ಯ ಇಷ್ಟು ಗಾಬರಿಯಾಗುತ್ತಾನಲ್ಲ ಎಂದು ಆತ ಗಿರಾಕಿಗಳ ಮುಂದೆ ನಕ್ಕಿದ್ದನಂತೆ. ಆ ಹೊತ್ತಿಗೆ ಮೇಲೆ ಇನ್ನೂ ಯಾರೂ ಹೋಗಿರಲಿಲ್ಲ. ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಮೇಲೆ ಹೋಗು ಎಂದದ್ದು ಮಾತ್ರ ನೆನಪಿದೆ.

ವಾರಿಜಕ್ಕನನ್ನು ನೋಡಲು ಕಳವಾಕ್ಕೆ ಹೋದದ್ದು ಅದರ ಮುಂದಿನ ಭಾನುವಾರ. ಯಾವ ಬತ್ತಿ ಆರಿತ್ತು ಎಂದು ಕೇಳಿದೆ. ಎಡದ್ದು ಎಂದರು. ನಾನೇ ‘ಎಡದ್ದೇ?’ ಎಂದು ಕೇಳಿದ್ದೆನೋ ಏನೋ, ಖಚಿತವಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ. ಅದು ರೆಕಾರ್ಡು, ಭಜನೆಗೆ ಒಂದು ವಾರ ಮೊದಲು ತೆಗೆದ ಚಿತ್ರ, ಅದರಲ್ಲಿ ದೀಪ ಸಣ್ಣದಾಗುವುದೇ ಇಲ್ಲ ಎಂದು ವಿವರಿಸಿದೆ. ಕದ್ದ ಮಾಲು ಒಪ್ಪಿಸುವವನ ಹಾಗೆ, ಹೋದ ವರ್ಷದ ಹಾರದ ವಿಷಯವನ್ನೂ ಹೇಳಿದೆ. ಅವರು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೇಳಿದರು. ಸಿಟ್ಟು ಮಾಡಲಿಲ್ಲ.

“ಅಲ್ಲ, ನನಗೆ ಗೊತ್ತಿರ್ಲಿಲ್ಲ, ನಾನು ಫೋನ್ ಮಾಡಿದೆ,” ಎಂದರು. “ನಿಮಗೆ ಗೊತ್ತಿತ್ತಲ್ಲ ರೆಕಾರ್ಡು ಅಂತ. ನೀವ್ಯಾಕೆ ಓಡಿದ್ದು?”

ಚಹಾ ಕುಡಿದು ಎದ್ದು ಬಂದೆ.

ಮರುವರ್ಷದಿಂದ ಜನ ಇಲ್ಲದ ಹೊತ್ತಿಗೆ ರೆಕಾರ್ಡು ಹಾಕುವುದನ್ನು ಬಿಟ್ಟೆವು. ಪ್ರೋಗ್ರಾಂ ಅದೇ, ಪಟ್ಟಿಯೂ ಅದೇ. ಖಾಲಿ ಪಾಳಿ ಬಂದರೆ ಪರದೆಯ ಮೇಲೆ ‘ಈ ಹೊತ್ತಿಗೆ ಹಾಲ್‌ನಲ್ಲಿ ಹಾಡುವವರು ಯಾರೂ ಇಲ್ಲ’ ಎಂಬ ಒಂದು ಸಾಲು ಮಾತ್ರ ಬರುವ ಹಾಗೆ ಮಾಡಿದೆ. ಸದಾನಂದಣ್ಣ ಮೊದಲು ಮುಖ ಸಿಂಡರಿಸಿದರು. ಆದರೆ ಆ ಸಾಲನ್ನು ನೋಡಿ ಯಾರಾದರೊಬ್ಬರು ರಿಕ್ಷಾ ಹಿಡಿದು ಬಂದೇ ಬರುತ್ತಿದ್ದರು.

ದೀಪದ ಆ ಫೈಲನ್ನು ಅಳಿಸಿಲ್ಲ. ವರ್ಷಕ್ಕೊಂದು ಸಲವಾದರೂ ತೆರೆದು, ಹತ್ತು ನಿಮಿಷ ಪೂರ್ತಿ ನೋಡುತ್ತೇನೆ. ಎರಡು ಬತ್ತಿಗಳೂ ಉರಿಯುತ್ತಲೇ ಇರುತ್ತವೆ. ಆದರೆ ಫೋನನ್ನು ಪಕ್ಕದಲ್ಲಿಟ್ಟುಕೊಂಡು, ಚಪ್ಪಲಿ ಹಾಕಿಕೊಂಡೇ ನೋಡುತ್ತೇನೆ.