ಸೀಟಿಗೆ ಮೊದಲೇ ಡಾಕ್ಟರಬಾಯಿ

ಮುನವಳ್ಳಿಯ ನಾಗರತ್ನಾ ಇನ್ನೂ ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ವೈದ್ಯಕೀಯ ಸೀಟಿಗೆ ನೀಟ್ ಬರೆಯುವುದು ಬಾಕಿಯಿದೆ, ಆದರೆ ಓಣಿಯ ಮಂದಿಗೆ ಅವಳು ಆಗಲೇ ಡಾಕ್ಟರಬಾಯಿ. ಪಲ್ಯಕ್ಕೆ ಬೆಂಡೆಕಾಯಿ ಹೆಚ್ಚಲು ಕೂತರೆ ಒಂದೊಂದು ಬಿಲ್ಲೆಯನ್ನೂ ಬೆಳಕಿಗೆ ಹಿಡಿದು ಬೀಜದ ಕೋಣೆ ನೋಡುತ್ತಾಳೆ, ಅಷ್ಟರಲ್ಲಿ ಮನೆಯವರು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಊಟ ಮುಗಿಸಿರುತ್ತಾರೆ. ಪೂಜೆಯ ದಾಸವಾಳ ದೇವರಿಗೆ ಮುಟ್ಟುವ ಮೊದಲು ಅವಳ ಬ್ಲೇಡಿಗೆ ಸಿಗುತ್ತದೆ. ಜ್ವರ ಬಂದರೂ ಕ್ಲಾಸು ತಪ್ಪಿಸಿದವಳಲ್ಲ. ಓಣಿಯವರಂತೂ ತಮ್ಮ ಬೇನೆಗಳನ್ನು ಅವಳಿಗೆಂದೇ ಕಾದಿರಿಸಿದ್ದಾರೆ. ಎದುರುಮನೆಯ ಶಂಕ್ರೆಪ್ಪಕಾಕಾ ಮೊಣಕಾಲು ನೀವಿಕೊಳ್ಳುತ್ತ, "ನೀ ಲಗೂನ ಪಾಸಾಗವಾ, ಅಲ್ಲೀಮಟಾ ತಡಕೋತೇನಿ" ಎನ್ನುತ್ತಾನೆ. ಅವಳು ನಕ್ಕು ಪುಟ ತಿರುವುತ್ತಾಳೆ. ಕಣ್ಣಿಗೆ ಪೊರೆ ಬಂದ ಅಜ್ಜಿ ಕಾಡವ್ವನೂ ಅಷ್ಟೇ, ಮನೆಯವರು ದವಾಖಾನೆಗೆ ಕರೆದರೆ, "ಮನ್ಯಾಗ ಡಾಕ್ಟರ್ ಅದಾಳ, ಕಣ್ಣು ಬ್ಯಾರೇದವರ ಕೈಯಾಗ ಯಾಕ ಕೊಡ್ಲಿ" ಎಂದು ಕೂತುಬಿಡುತ್ತಾಳೆ. ಮೊನ್ನೆ ಮಧ್ಯಾಹ್ನ ನಾಗರತ್ನಾ ಅಜ್ಜಿಯ ಎದುರಿಗೇ ಕೂತು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು. ಅಜ್ಜಿ ಅತ್ತಿತ್ತ ನೋಡಿ, ಅಡುಗೆಮನೆಯಲ್ಲಿದ್ದ ಸೊಸೆಯನ್ನು ಕೇಳಿದಳು: "ಯವ್ವಾ, ನಮ್ಮ ಡಾಕ್ಟರಬಾಯಿ ಎಲ್ಲಿ ಹೋದ್ಲು?" ಮರುದಿನ ನಾಗರತ್ನಾ ಪುಸ್ತಕದ ಚೀಲ ಮನೆಯಲ್ಲೇ ಬಿಟ್ಟು, ಅಜ್ಜಿಯ ಕೈ ಹಿಡಿದು ಬೈಲಹೊಂಗಲದ ಬಸ್ಸು ಹತ್ತಿದಳು. ಕಣ್ಣಿನ ದವಾಖಾನೆಯವರೆಗೂ ಅಜ್ಜಿಯದು ಒಂದೇ ಗೊಣಗಾಟ: "ಹಿಂಗ ಕ್ಲಾಸು ತಪ್ಪಿಸಿದ್ರ ನೀ ಡಾಕ್ಟರ್ ಹೆಂಗ ಆಗತಿ?"