ಜಾಲರಿ ಬಾಗಿಲಿನ ಸ್ವಿಚ್ಚು

ಈ ಸಲದ ಆಯುಧ ಪೂಜೆಗೆ ಮೊಮ್ಮಗಳು ಮಿಕ್ಸಿಗೆ ಹೂವಿಟ್ಟು, ಅದರ ಸ್ವಿಚ್ಚಿಗೂ ಧಾರಾಳವಾಗಿ ಗಂಧ ಮೆತ್ತಿದಳು. "ಅಲ್ಲಿಗೆ ಬೇಡ ಮಗಾ!" ಎಂದು ನಾನು ಕೂಗಿದ ಕೂಗಿಗೆ ಪಾಪ, ಬೆಚ್ಚಿಬಿದ್ದಳು. ಒಣಗುತ್ತಿದ್ದ ಆ ಗಂಧದ ವಾಸನೆಗೆ ನನಗೆ ಬಂಟ್ವಾಳದ ಹಂಚಿನ ಕಾರ್ಖಾನೆಯ ಇಂಜಿನಿಯರು ನೆನಪಾದರು...

ಅರುವತ್ತರ ದಶಕದ ಮಾತು. ನಾನು ಅಲ್ಲಿ ಪ್ರೆಸ್ಸಿನ ಮುಂದೆ ನಿಲ್ಲುವವಳು. ಅಚ್ಚಿನ ಮೇಲೆ ಹದ ಮಾಡಿದ ಮಣ್ಣಿನ ಬಿಲ್ಲೆ ಇಡುವುದು, ಮೇಲಿನ ಅಚ್ಚು ಇಳಿದು ಒತ್ತಿದ ಮೇಲೆ ಹಸಿ ಹಂಚು ತೆಗೆಯುವುದು, ಇಷ್ಟೇ ಕೆಲಸ. ಕೈಯಿಂದ ತಿರುಗಿಸುವ ಪ್ರೆಸ್ಸು ಹೋಗಿ ಕರೆಂಟಿನದು ಬಂದ ಹೊಸತು. ನನಗಿಂತ ಮೊದಲು ಅಲ್ಲಿ ನಿಲ್ಲುತ್ತಿದ್ದ ಹೆಂಗಸಿನ ಬೆರಳುಗಳು ಅಚ್ಚಿನಡಿಗೆ ಸಿಕ್ಕಿ ಹೋಗಿದ್ದವು. ಅದೇ ಜಾಗಕ್ಕೆ ನನ್ನನ್ನು ಹಾಕಿದರು.

ಆಮೇಲೆ ಪುತ್ತಿಗೆ ಕಡೆಯ ಈ ಇಂಜಿನಿಯರು ಬಂದರು. ಯಂತ್ರಗಳನ್ನು ತಾವಾಗಿ ನಡೆಯುವ, ತಾವಾಗಿ ನಿಲ್ಲುವ ಹಾಗೆ ಮಾಡುವುದು ಅವರ ಕೆಲಸ. ಪ್ರೆಸ್ಸಿನ ಮುಂದೆ ಕಬ್ಬಿಣದ ಜಾಲರಿಯ ಬಾಗಿಲು ಕೂರಿಸಿ, ಚೌಕಟ್ಟಿನಲ್ಲಿ ಒಂದು ಸ್ವಿಚ್ಚು ಇಟ್ಟರು. ಬಾಗಿಲು ಮುಚ್ಚಿದರೆ ಮಾತ್ರ ಅಚ್ಚು ಇಳಿಯುತ್ತಿತ್ತು. ಹಂಚಿಗೊಂದು ಸಲ ತೆಗೆದು ಹಾಕಿ ನಮಗೆ ಸಾಕುಸಾಕಾಯಿತು.

"ಇದೆಂತ ಇಂಜಿನಿಯರ್ರೇ, ಗಳಿಗೆಗೊಮ್ಮೆ ಬಾಗಿಲು ಹಾಕ್ಲಿಕ್ಕೆ ಇದೇನು ಗರ್ಭಗುಡಿಯಾ?" ಎಂದು ನಾನೇ ಕೇಳಿದ್ದೆ.

"ಬಯ್ಯಿ ಮಾರಾಯ್ತಿ. ಬಯ್ಯುವಾಗ ಆಡಿಸ್ಲಿಕ್ಕೆ ಎರಡು ಕೈ ಉಂಟಲ್ಲ, ಅಷ್ಟು ಸಾಕು" ಎಂದರು. ನಗದೆ. ನಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಆ ವರ್ಷ ಆಯುಧ ಪೂಜೆಗೆ ಧಣಿಗಳು ತಾವೇ ನಿಂತು ಎಲ್ಲ ಯಂತ್ರಗಳಿಗೂ ಗಂಧ ಹಚ್ಚಿದರು. ಹೊಸ ಸ್ವಿಚ್ಚಿಗೆ ತುಸು ಹೆಚ್ಚೇ ಸಂದಿತು. ಮರುದಿನ ಪ್ರೆಸ್ಸು ಮಿಸುಕಲಿಲ್ಲ. ಹೊರಗೆ ಬೆಳ್ತಂಗಡಿಯ ಲಾರಿ ಹಂಚಿಗಾಗಿ ಕಾಯುತ್ತಿತ್ತು. ಇಂಜಿನಿಯರು ಸ್ವಿಚ್ಚು ಬಿಚ್ಚಿದರೆ, ಒಳಗೆ ಗಂಧ ಇಳಿದು ಗಟ್ಟಿಯಾಗಿ ಕರೆಂಟಿನ ದಾರಿ ಮುಚ್ಚಿತ್ತು.

ಮೊದಲಿಂದಲೂ ಆ ಬಾಗಿಲನ್ನು ಕಂಡರಾಗದ ಧಣಿಗಳಿಗೆ ಇದೇ ನೆವವಾಯಿತು. "ಈ ರಗಳೆಯೇ ಬೇಡ. ಸ್ವಿಚ್ಚು ಕಿತ್ತು ಎರಡು ವಯರು ಸೇರಿಸಿ ಕಟ್ಟಿಬಿಡಿ. ಬಾಗಿಲು ತೆರೆದಿದ್ದರೂ ಅಚ್ಚು ಇಳಿಯಲಿ."

"ಸ್ವಿಚ್ಚು ಕೆಟ್ಟರೆ ಪ್ರೆಸ್ಸು ನಿಲ್ಬೇಕು ಅಂತಲೇ ಹೀಗೆ ಮಾಡಿದ್ದು ಧಣಿಗಳೇ. ನಿಂತದ್ದು ಸರಿಯೇ ಆಯ್ತು. ಒರೆಸಿ ಕೊಡ್ತೇನೆ. ವಯರು ಮಾತ್ರ ಸೇರಿಸುವುದಿಲ್ಲ."

"ಹಾಗಾದ್ರೆ ನೀವು ಹೊರಡಬಹುದು. ಸೇರಿಸುವವರು ಪೇಟೆಯಲ್ಲಿ ಬೇಕಾದಷ್ಟು ಉಂಟು."

ಇಂಜಿನಿಯರು ಸಾಮಾನು ಚೀಲಕ್ಕೆ ತುಂಬಿಕೊಂಡರು. ನನ್ನ ಕೈಯನ್ನೊಮ್ಮೆ, ಪ್ರೆಸ್ಸನ್ನೊಮ್ಮೆ ನೋಡಿ ಗೇಟು ದಾಟಿ ಹೋದರು. ಒಂದು ಮಾತು ತಗ್ಗಿ ಆಡಿದ್ದರೆ... ಆದರೆ ಅವರು ತಗ್ಗುವ ಜನವಲ್ಲ.

ಮಧ್ಯಾಹ್ನ ಪೇಟೆಯಿಂದ ಒಬ್ಬ ವಯರ್‌ಮನ್ ಬಂದ. ಅವನು ಸ್ವಿಚ್ಚಿಗೆ ಕೈ ಹಾಕಿದಾಗ ಎಲ್ಲಿತ್ತೋ ಧೈರ್ಯ, ನಾನು ಜಾಲರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಇದನ್ನು ತೆಗೆದ್ರೆ ನಾನು ಒಳಗೆ ಕೈ ಹಾಕುವುದಿಲ್ಲ." ಉಳಿದ ಹೆಂಗಸರೂ ಕೆಲಸ ಬಿಟ್ಟು ನೆಲದ ಮೇಲೆ ಕೂತರು. ಧಣಿಗಳು ಬೈದರು, ಹೆದರಿಸಿದರು. ಲಾರಿ ಖಾಲಿ ಹೋಯಿತು. ಸಂಜೆಯಾಗುತ್ತಲೇ, "ಒರೆಸಿ ಹಾಕು, ಹಾಳಾಗಿ ಹೋಗಲಿ" ಎಂದು ವಯರ್‌ಮನ್‌ಗೆ ಹೇಳಿ ಹೊರಟುಹೋದರು. ನಾನು ಕೆಲಸ ಬಿಡುವವರೆಗೂ ಆ ಸ್ವಿಚ್ಚು ಅಲ್ಲೇ ಇತ್ತು. ಇಂಜಿನಿಯರು ಬೊಂಬಾಯಿಗೆ ಹೋದರೆಂದು ಸುದ್ದಿ ಬಂತು. ಅವರಿಗೆ ಇದನ್ನು ತಿಳಿಸುವ ದಾರಿ ನಮಗೆ ಗೊತ್ತಿರಲಿಲ್ಲ.

ಈ ಸಲದ ಪೂಜೆ ಕಳೆದು ವಾರವಾಗಿರಲಿಲ್ಲ, ಮೊನ್ನೆ ಮೂಡಬಿದಿರೆಯ ಒಂದು ಮದುವೆಯಲ್ಲಿ ಪಕ್ಕ ಕೂತ ವಯಸ್ಸಾದ ಹೆಂಗಸಿನ ಜೊತೆ ಮಾತಾಡುತ್ತಾ ಹೋದರೆ, ಅವರು ಆ ಇಂಜಿನಿಯರ ಹೆಂಡತಿ. ಇಂಜಿನಿಯರು ತೀರಿಕೊಂಡು ಕೆಲವು ವರ್ಷವಾಯಿತಂತೆ.

"ಬಂಟ್ವಾಳದ ಸುದ್ದಿ ಬಂದ್ರೆ ಊಟ ಬಿಟ್ಟು ಏಳ್ತಿದ್ರು. ‘ಆ ಹುಡುಗಿಯ ಕೈ ಏನಾಯ್ತೋ, ನಾನು ಬಿಟ್ಟು ಬರಬಾರದಿತ್ತು’ ಅಂತ ಕೊನೆಯವರೆಗೂ ಹೇಳ್ತಿದ್ರು" ಎಂದರು.

ಎರಡೂ ಕೈಗಳನ್ನು ಅವರ ಮಡಿಲಲ್ಲಿಟ್ಟೆ. ಅವರಿಗೆ ಅರ್ಥವಾಯಿತು. ಒಂದೊಂದೇ ಬೆರಳನ್ನು ಹಿಡಿದು ನೋಡಿದರು. ನೋಡಬೇಕಾದವರು ಇರಲಿಲ್ಲ.