ಬೀಗರ ಪಿಸ್ತೂಲಿಗೆ ನಾನು ಕುಂಕುಮ ಇಟ್ಟಿದ್ದು

ಮೊಮ್ಮಗಳು ದಸರಾಕ್ಕೆ ಬರುತ್ತಾಳೆ ಎಂದು ಗೊತ್ತಾದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದು ನಿಧಾನ. ಆದರೂ ಈ ಸಂತೋಷವನ್ನು ಎಲ್ಲಾದರೂ ಇಳಿಸದಿದ್ದರೆ ತಡೆಯಲಾಗುವುದಿಲ್ಲ. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಹಾಲಿನವನಿಗೆ, ಹೂವಿನವಳಿಗೆ, ನನ್ನ ಹತ್ತಿರ ಬ್ಲೌಸು ಹೊಲಿಸಲು ಬರುವ ಹೆಂಗಸರಿಗೆ ಎಲ್ಲರಿಗೂ ಹೇಳಿ ಆಗಿತ್ತು. ಇಸ್ತ್ರಿಯವನು, "ಅಮ್ಮಾ, ನಿನ್ನೇನೂ ಹೇಳಿದ್ರಲ್ಲಾ" ಎಂದ. "ಇವತ್ತೂ ಕೇಳಪ್ಪ, ಗಂಟೇನು ಹೋಗತ್ತೆ?" ಎಂದೆ.

ಮಗಳು ಅಮೆರಿಕದ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯವನನ್ನೇ ಮದುವೆಯಾದಳು. ಅಳಿಯ ಬಹಳ ಒಳ್ಳೆಯವನು, ಮಾತು ಕಡಿಮೆ. ಅವರಿಗೆ ಒಬ್ಬಳೇ ಮಗಳು, ಎಂಟು ವರ್ಷ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ದಿನಾ ಸಂಜೆ ಫೋನಿನಲ್ಲಿ ನಾನೇ ಕಲಿಸಿದ್ದು, ಅದನ್ನು ಹೇಳಿಕೊಳ್ಳದೆ ಇರಲಾರೆ. ಈ ಸಲ ಅವರ ಜೊತೆ ಬೀಗರೂ ಬಂದರು, ಅಂದರೆ ಅಳಿಯನ ತಂದೆ. ಅವರನ್ನು ಕರೆದುಕೊಂಡು ಬಂದದ್ದರ ಹಿಂದೆ ಅಳಿಯನ ಲೆಕ್ಕಾಚಾರ ಒಂದಿತ್ತು. ಸೊಸೆಗೂ ಮಾವನಿಗೂ ಮಾತು ನಿಂತುಹೋಗಿ ಒಂದು ವರ್ಷದ ಮೇಲಾಗಿತ್ತು. ಇಬ್ಬರನ್ನೂ ನಮ್ಮ ಎರಡು ಕೋಣೆಯ ಮನೆಯಲ್ಲಿ ಹಾಕಿಬಿಟ್ಟರೆ ಮಾತಾಡದೆ ಹೇಗಿರುತ್ತಾರೆ ಎಂದು ಅವನು ಯೋಚಿಸಿದ್ದ.

ಜಗಳ ಏತಕ್ಕೆ ಎಂಬುದು ನನಗೆ ಅರ್ಥವಾಗಲು ಕಾಲ ಹಿಡಿಯಿತು. ಅಮೆರಿಕದಲ್ಲಿ ದೊಡ್ಡ ಪಕ್ಷಗಳು ಎರಡಂತೆ. ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ಮಗಳು ಫೋನಿನಲ್ಲಿ ಇದನ್ನು ಹೇಳಿದ ದಿನ ನಾನು ನಕ್ಕು ನಕ್ಕು ಸುಸ್ತಾಗಿದ್ದೆ.

"ನೀನು ಯಾವುದೇ?" ಎಂದು ಕೇಳಿದೆ.

"ಕತ್ತೆ."

"ಅದು ನೀನು ಹುಟ್ಟಿದಾಗ್ಲಿಂದ ನಮಗೆ ಗೊತ್ತು ಬಿಡು" ಎಂದರು ಪಕ್ಕದಲ್ಲಿದ್ದ ನಮ್ಮ ಯಜಮಾನರು.

ಓಟಿನ ಜಗಳ ನಮ್ಮ ಮನೆಗೂ ಹೊಸದಲ್ಲ. ಯಜಮಾನರೂ ಅವರ ತಮ್ಮನೂ ಚುನಾವಣೆ ಬಂದರೆ ಒಬ್ಬರ ಮೇಲೊಬ್ಬರು ಕೂಗಾಡಿ, ಬೇರೆ ಬೇರೆ ಗುರುತಿಗೆ ಒತ್ತಿ, ಆಮೇಲೆ ಒಟ್ಟಿಗೇ ಹೋಗಿ ಮಸಾಲೆದೋಸೆ ತಿಂದು ಬರುತ್ತಾರೆ. "ಅಲ್ಲಿ ಹಾಗಲ್ಲಮ್ಮ" ಎಂದಳು ಮಗಳು. "ಯಾರಿಗೆ ಓಟು ಹಾಕಿದ್ರಿ ಅಂತ ಗೊತ್ತಾದ್ರೆ ಹಬ್ಬದೂಟಕ್ಕೂ ಕರೆಯಲ್ಲ." ಬೀಗರ ಸ್ವಂತ ತಂಗಿ ಅವರ ಮನೆಯಿಂದ ಎರಡು ರಸ್ತೆ ಆಚೆ ಇದ್ದಾಳೆ. ಬೀಗರದು ಆನೆ, ತಂಗಿಯದು ಕತ್ತೆ. ಹಿಂದಿನ ಚುನಾವಣೆ ಆದಮೇಲೆ ಅಣ್ಣ ತಂಗಿ ಮುಖ ನೋಡಿಲ್ಲ.

ಅದರ ಮೇಲೆ ಈ ಪಿಸ್ತೂಲು. ಬೀಗಿತ್ತಿ ತೀರಿಕೊಂಡ ಮೇಲೆ ಬೀಗರು ಊರಂಚಿನ ಮನೆಯಲ್ಲಿ ಒಬ್ಬರೇ. ರಾತ್ರಿ ಭಯವಾಗುತ್ತದೆ ಎಂದು ಪಿಸ್ತೂಲನ್ನು ಗುಂಡು ತುಂಬಿಸಿ ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಬೀಗ ಹಾಕಿಡಿ, ಇಲ್ಲದಿದ್ದರೆ ಮಗುವನ್ನು ಕಳಿಸುವುದಿಲ್ಲ ಎಂದಳು ಮಗಳು. ಇವತ್ತು ಬೀಗ ಹಾಕು ಎನ್ನುತ್ತೀಯ, ನಾಳೆ ಕಿತ್ತುಕೊಳ್ಳುತ್ತೀಯ, ಇದೆಲ್ಲ ನಿಮ್ಮ ಪಕ್ಷದ ಆಟ ಎಂದರು ಅವರು. ಪಕ್ಷ ಅಲ್ಲ, ನನ್ನ ಮಗಳ ಮಾತು ಎಂದಳು ಇವಳು. ಆಸ್ಪತ್ರೆಗೆ ಗುಂಡು ತಗುಲಿದ ಮಕ್ಕಳು ಬಂದದ್ದನ್ನು ನೋಡಿದವಳು, ಸುಮ್ಮನೆ ಹೇಗಿದ್ದಾಳು? ಅಂತೂ ಮಗು ಆ ಮನೆಗೆ ಹೋಗುವುದು ನಿಂತಿತು. ಅಲ್ಲಿ ಹಿತ್ತಲಲ್ಲಿ ಕೊಳ ಇದೆ, ಬಾತುಕೋಳಿಗಳು ಬರುತ್ತವೆ ಎಂದು ಅದು ಕೊರಗುತ್ತಿತ್ತು.

ಬಂದ ಮೊದಲ ದಿನ ನಾನು ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ರಸ್ತೆಯಲ್ಲಿ ಯಾರೋ ಪಟಾಕಿ ಹೊಡೆದರು. ಮಗು ಎದ್ದು ಹೋಗಿ ಬಾಗಿಲ ಚಿಲಕ ಹಾಕಿಕೊಂಡು ಬಂತು.

"ಯಾಕೆ ಪುಟ್ಟಿ?"

"ಸ್ಕೂಲಲ್ಲಿ ಹೇಳ್ಕೊಟ್ಟಿದಾರೆ ಅಜ್ಜಿ. ಗನ್ ತಗೊಂಡು ಯಾರಾದ್ರೂ ಬಂದ್ರೆ ಬಾಗ್ಲು ಹಾಕ್ಬೇಕು, ಲೈಟ್ ಆರಿಸ್ಬೇಕು, ಮೂಲೇಲಿ ಕೂತು ಮಾತಾಡ್ಬಾರ್ದು."

ಮಗ್ಗಿ ಒಪ್ಪಿಸುವ ಹಾಗೆ ಹೇಳಿತು. ಎಣ್ಣೆ ನನ್ನ ಅಂಗೈಯಲ್ಲೇ ಉಳಿಯಿತು.

ಆದರೆ ಬೀಗರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಅಷ್ಟೆತ್ತರದ ಮನುಷ್ಯ, ಬಂದ ದಿನವೇ ನಮ್ಮ ಬಾಗಿಲಿಗೆ ತಲೆ ಹೊಡೆಸಿಕೊಂಡು, ಬಾಗಿಲನ್ನೇ ಕ್ಷಮಿಸು ಎಂದು ಕೇಳಿದರು. ಕನ್ನಡದಲ್ಲಿ ಮೊದಲು ಕಲಿತ ಮಾತು "ಸಾಕು". ನಾನು ಅರ್ಥವಾಗದವಳ ಹಾಗೆ ಇನ್ನೆರಡು ಇಡ್ಲಿ ಹಾಕುತ್ತಿದ್ದೆ.

ಆಯುಧಪೂಜೆ ಬಂತು. ಬೆಳಿಗ್ಗೆಯೇ ಹೊಲಿಗೆ ಮಿಷನ್ನು ಒರೆಸಿ, ಕತ್ತರಿ, ಈಳಿಗೆಮಣೆ, ಯಜಮಾನರ ಸ್ಕ್ರೂಡ್ರೈವರು ಎಲ್ಲ ಬಾಳೆಲೆಯ ಮೇಲೆ ಜೋಡಿಸಿದೆ. ಅಳಿಯ ಹೊರಗೆ ಗೇಟಿನ ಹತ್ತಿರ ಸ್ಕೂಟರು ತೊಳೆಯುತ್ತಿದ್ದ. ಮಗಳು ಅಡುಗೆಮನೆಯಲ್ಲಿದ್ದಳು. ಮನೆಯಲ್ಲಿ ಎಲ್ಲರದೂ ಒಂದೊಂದು ಇದೆ, ಬೀಗರದು ಮಾತ್ರ ಏನೂ ಇಲ್ಲವಲ್ಲ ಎಂದು ನನಗೆ ಸಂಕಟವಾಯಿತು. ಬೀಗರನ್ನು ಹಬ್ಬದ ದಿನ ಬರಿಗೈಲಿ ಕೂರಿಸುವುದೇ?

ನಮ್ಮ ಯಜಮಾನರು ಪೋಲೀಸು ಪೇದೆಯಾಗಿ ರಿಟೈರಾದವರು. ಕ್ವಾರ್ಟರ್ಸಿನಲ್ಲಿದ್ದಾಗ ಪ್ರತಿ ವರ್ಷ ಈ ದಿನ ಸ್ಟೇಷನ್ನಿಗೆ ಹೋಗುತ್ತಿದ್ದೆವು. ಬಂದೂಕುಗಳನ್ನು ಸಾಲಾಗಿ ಇಟ್ಟು, ಚೆಂಡುಹೂವು ಹಾಕಿ, ಕುಂಕುಮ ಇಟ್ಟು ಮಂಗಳಾರತಿ ಮಾಡುತ್ತಿದ್ದರು. ಹಾಗಾಗಿ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

"ಪುಟ್ಟಿ, ಗ್ರಾಂಪಾ ಹತ್ರ ಆ ಪಿಸ್ತೂಲಿನ ಫೋಟೋ ಇದ್ಯಾ ಕೇಳು" ಎಂದೆ.

ಅವಳು ಅಡುಗೆಮನೆ ಕಡೆ ಒಮ್ಮೆ ನೋಡಿ, ಕೇಳಿದಳು. ಇತ್ತು. ನಾನು ಅವರ ಫೋನನ್ನು ಇಸಿದುಕೊಂಡು ಕತ್ತರಿಯ ಪಕ್ಕದಲ್ಲಿಟ್ಟು, ಫೋಟೋದ ಮೇಲೆ ಸರಿಯಾಗಿ ಕುಂಕುಮ ಇಟ್ಟು, ಸೇವಂತಿಗೆ ಏರಿಸಿದೆ. ಬೆಳಕು ಆರಿಹೋಗುತ್ತಿತ್ತು, ಮೊಮ್ಮಗಳು ಮತ್ತೆ ಮತ್ತೆ ಒತ್ತಿ ಹೊತ್ತಿಸುತ್ತಿದ್ದಳು. ಕೋಸಂಬರಿ ಬಟ್ಟಲು ಹಿಡಿದು ಬಂದ ಮಗಳು ಅಲ್ಲೇ ನಿಂತಳು.

"ಅಮ್ಮಾ! ಏನ್ ಮಾಡ್ತಿದೀಯಾ?"

"ಆಯುಧಪೂಜೆ ಕಣೇ."

"ಆ ದರಿದ್ರಕ್ಕಾ? ಅದರಿಂದ ನಾವು ಏನ್ ಅನುಭವಿಸ್ತಿದೀವಿ ಗೊತ್ತಾ ನಿಂಗೆ?"

ಬೀಗರಿಗೆ ಮಾತು ಗೊತ್ತಾಗದಿದ್ದರೂ ಯಾರಿಗೆ ಕೋಪ ಬಂದಿದೆ ಎಂದು ಗೊತ್ತಾಯಿತು. ಖುಷಿಯಾಗಿ ಚಪ್ಪಾಳೆ ಹೊಡೆದು ಏನೋ ಹೇಳಿದರು. ಮೊಮ್ಮಗಳು ತಿಳಿಸಿದಳು: "ಅಜ್ಜಿ, ನೀನು ಅವರ ಪಕ್ಷ ಅಂತೆ. ಆನೆ."

"ಆನೇನೇ. ಮೈ ನೋಡಿದ್ರೆ ಗೊತ್ತಾಗಲ್ವಾ?" ಎಂದು ಮಂಗಳಾರತಿ ಹಚ್ಚಿದೆ.

ಪೂಜೆ ಮುಗಿಯಿತು. ಎದುರು ಮನೆಯಾಕೆ ಬಂದು ಬ್ಲೌಸಿಗೆ ಹುಕ್ಕು ಹಾಕಿಕೊಡಿ ಎಂದಳು. "ಕತ್ತರಿ ಪೂಜೆಗಿಟ್ಟಿದೀನಿ, ನಾಳೆ ಬಾರಮ್ಮ" ಎಂದು ಕಳಿಸಿದೆ. ಅಷ್ಟರಲ್ಲಿ ಬೀಗರು ಫೋನಿಗೆ ಕೈ ಹಾಕಿದರು. ಕೈ ಮೇಲೆ ಮೆತ್ತಗೆ ಹೊಡೆದೆ. ಪೂಜೆಗಿಟ್ಟ ಆಯುಧವನ್ನು ಮಾರನೇ ದಿನದವರೆಗೂ ಮುಟ್ಟುವ ಹಾಗಿಲ್ಲ ಎಂದು ಮೊಮ್ಮಗಳ ಕೈಯಲ್ಲಿ ಹೇಳಿಸಿದೆ.

"ತಾತ, ಇವತ್ತೇ ಕಳ್ಳ ಬಂದ್ರೆ ಅಂತ ಗ್ರಾಂಪಾ ಕೇಳ್ತಿದಾರೆ" ಎಂದಳು ಅವಳು.

ಯಜಮಾನರು ನಕ್ಕರು. "ಹೇಳು ಪುಟ್ಟಿ. ಸರ್ವೀಸೆಲ್ಲಾ ಬಂದೂಕು ಹಿಡಿದೋನು ನಾನು. ಡ್ಯೂಟಿ ಮುಗಿದ್ರೆ ಅದು ಸ್ಟೇಷನ್ನಲ್ಲೇ, ಬೀಗದೊಳಗೆ. ಮನೇಗೆ ಬರ್ತಿದ್ದಿದ್ದು ಬರೀ ಟೋಪಿ."

"ಹಾಗಾದ್ರೆ ಕಳ್ಳರು?"

"ಪೇದೆ ಮನೇಲಿ ಕದಿಯಕ್ಕೇನಿರತ್ತೆ?"

ಬೀಗರು ಜೋರಾಗಿ ನಕ್ಕರು. ಮಗಳು ನಗಲಿಲ್ಲ. ಬೀಗದ ಮಾತು ಬಂತಲ್ಲ, ಅದನ್ನೇ ಹಿಡಿದಳು. ನೇರವಾಗಿ ಮಾವನಿಗೇ ಇಂಗ್ಲಿಷಿನಲ್ಲಿ ಹೇಳಿದಳು. ಅವರೂ ಹೇಳಿದರು. ಅಂತೂ ಮಾತು ಶುರುವಾಯಿತಪ್ಪ ಎಂದುಕೊಳ್ಳುವಷ್ಟರಲ್ಲಿ ಅದು ಜಗಳವಾಗಿ ಹೊತ್ತಿಕೊಂಡಿತು. ನಾನು ಮೊಮ್ಮಗಳನ್ನು ಹತ್ತಿರ ಎಳೆದುಕೊಂಡೆ.

"ಏನಂತಾರೆ?"

ಅವಳು ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: "ಅಮ್ಮ ಬೀಗ ಹಾಕಿ ಅಂತಿದಾಳೆ. ಗ್ರಾಂಪಾ, ಮಗೂಗೆ ಅದೆಲ್ಲಿದೆ ಅಂತಾನೇ ಗೊತ್ತಿಲ್ಲ, ಸುಮ್ನೆ ಹೆದರಿಸ್ತೀರಾ ಅಂತಿದಾರೆ." ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಆದ್ರೆ ನಂಗೊತ್ತು ಅಜ್ಜಿ" ಎಂದಳು.

"ಏನು ಗೊತ್ತು?"

"ಮಂಚದ ಪಕ್ಕ ಡ್ರಾಯರ್ರಲ್ಲಿದೆ. ಕನ್ನಡಕದ ಡಬ್ಬಿ ಕೆಳಗೆ. ನಾನು ಚಾಕ್ಲೇಟ್ ಹುಡುಕ್ತಿದ್ದೆ. ತುಂಬಾ ಭಾರ ಇದೆ."

ಭಾರ ಇದೆ. ಅಂದರೆ ಕೈಯಲ್ಲಿ ಎತ್ತಿ ನೋಡಿದೆ ಮಗು. ಯಜಮಾನರಿಗೂ ಕೇಳಿಸಿತ್ತು, ನನ್ನ ಮುಖ ನೋಡಿದರು. ಮಗಳಿಗೆ ಹೇಳಿದರೆ ಅವಳು ಜನ್ಮದಲ್ಲಿ ಮಗುವನ್ನು ಆ ಮನೆಗೆ ಕಳಿಸುವುದಿಲ್ಲ. ಹೇಳದೆ ನುಂಗಿದರೆ? ಅದನ್ನು ಯೋಚಿಸಲೂ ಆಗಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡೆ.

"ನಂಗೆ ಹೇಳಿದ್ಯಲ್ಲಾ ಪುಟ್ಟಿ, ಅದನ್ನೇ ಹೋಗಿ ಗ್ರಾಂಪಾಗೆ ಹೇಳು. ಯಾರೂ ಬೈಯಲ್ಲ. ಬೈದ್ರೆ ನಾನಿದೀನಿ."

ಹೋದಳು. ಅವರ ಮಂಡಿಯ ಮೇಲೆ ಕೈಯಿಟ್ಟು ಹೇಳಿದಳು. ಮಗಳ ಮಾತು ಅರ್ಧಕ್ಕೆ ನಿಂತು, ಅವಳು ಹೊಲಿಗೆಯ ಸ್ಟೂಲಿನ ಮೇಲೆ ಕುಸಿದಳು. ಬೀಗರು ಏನೋ ಒಂದು ಮಾತು ಕೇಳಿದರು. ಮಗು ಎರಡು ಪುಟ್ಟ ಕೈ ಮುಂದೆ ಮಾಡಿ, ಹೇಗೆ ಎತ್ತಿದ್ದು, ಹೇಗೆ ತಿರುಗಿಸಿ ನೋಡಿ ವಾಪಸ್ಸು ಇಟ್ಟದ್ದು ಎಂದು ತೋರಿಸಿತು. ಮುಖದ ಕೆಂಪೆಲ್ಲ ಇಳಿದುಹೋಗಿ ಅವರು ಬಿಳಿಚಿಕೊಂಡರು. ಯಾರೂ ಪಕ್ಷದ ಹೆಸರೆತ್ತಲಿಲ್ಲ. ಅವರು ಬಾಳೆಲೆಯ ಕಡೆ ಕೈ ಚಾಚಿ, ಕೇಳುವ ಹಾಗೆ ನನ್ನನ್ನು ನೋಡಿದರು.

ನಾನೇ ಫೋನು ಎತ್ತಿ, ಸೆರಗಿನಿಂದ ಕುಂಕುಮ ಒರೆಸಿ ಕೊಟ್ಟೆ.

"ಏನೇ, ನಾಳೆವರೆಗೂ ಮುಟ್ಟಬಾರ್ದು ಅಂದೆ?" ಎಂದರು ಯಜಮಾನರು.

"ದೇವಿ ಹತ್ರ ನಾನು ಹೇಳ್ಕೋತೀನಿ, ನೀವು ಸುಮ್ನಿರಿ."

ಬೀಗರು ಫೋನು ಮಾಡಿದ್ದು ತಂಗಿಗೆ! ಬೀಗಿತ್ತಿ ಕಾಯಿಲೆಯಲ್ಲಿದ್ದಾಗ ಕೊಟ್ಟ ಮನೆಯ ಬೀಗದ ಕೈ ಇನ್ನೂ ಅವಳ ಹತ್ತಿರವೇ ಇತ್ತಂತೆ. ಅಲ್ಲಿ ಮಲಗುವ ಹೊತ್ತು. ಮೊಮ್ಮಗಳು ಫೋನಿಗೆ ಕಿವಿಯಿಟ್ಟು ನಮಗೆಲ್ಲ ಕ್ರಿಕೆಟ್ ಕಾಮೆಂಟರಿ ಹೇಳಿದ ಹಾಗೆ ಹೇಳಿದಳು.

"ಯಾರು ಸತ್ರು ಅಂತ ಕೇಳ್ತಿದಾರೆ... ಯಾರೂ ಇಲ್ಲ ಅಂದ್ರು ಗ್ರಾಂಪಾ... ಅಳ್ತಿದಾರೆ ಅಜ್ಜಿ, ಇಬ್ರೂನೂ... ನೈಟಿ ಮೇಲೇ ಕೋಟ್ ಹಾಕ್ಕೊಂಡು ಹೊರಟ್ರು... ಬಾಗ್ಲು ತೆಗೆದ್ರು... ಸಿಕ್ತಂತೆ!"

ತಂಗಿ ಗುಂಡು ಬೇರೆ ಮಾಡಿ, ಪಿಸ್ತೂಲನ್ನು ತನ್ನ ಮನೆಗೆ ಕೊಂಡುಹೋಗಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೇಕಾದರೆ ಕೊಡುತ್ತೇನೆ, ಆದರೆ ನನ್ನ ಮನೆಗೆ ಬಂದು, ಕೂತು, ಕಾಫಿ ಕುಡಿದು ಕೇಳಬೇಕು ಎಂದಳಂತೆ. ನಾನು ಆ ಹೆಣ್ಣುಮಗಳನ್ನು ನೋಡಿಲ್ಲ, ಆದರೆ ಅವಳು ನನ್ನ ಗೆಳತಿ! ಅದಾದ ಮೇಲೂ ಫೋನು ಇಡಲಿಲ್ಲ. ಬೀಗರ ದನಿ ಏರಿತು, ಆ ಕಡೆಯ ದನಿಯೂ ಏರಿತು.

"ಈಗೇನು?" ಎಂದೆ ಗಾಬರಿಯಾಗಿ.

"ಎಲೆಕ್ಷನ್ನು" ಎಂದಳು ಮೊಮ್ಮಗಳು.

"ಆಡ್ಲಿ ಬಿಡು. ಒಂದು ವರ್ಷದ ಬಾಕಿ ಇದೆ."

ಅಳಿಯ ಪ್ಯಾಂಟೆಲ್ಲ ನೆನೆಸಿಕೊಂಡು ಒಳಗೆ ಬಂದ. ಅಪ್ಪ ಫೋನಿನಲ್ಲಿ ಕೂಗಾಡುತ್ತಿದ್ದಾರೆ, ಹೆಂಡತಿ ಅಳುತ್ತಿದ್ದಾಳೆ, ಅತ್ತೆ ನಗುತ್ತಿದ್ದಾಳೆ. ಪಾಪ, ಏನು ಮಾಡಬೇಕೋ ತಿಳಿಯದೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿದ. ನಡುಮನೆಯಲ್ಲೇ.

ಊಟಕ್ಕೆ ಕೂತಾಗ ಮಗಳು ಮಾವನಿಗೆ ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿ, ತಲೆ ತಗ್ಗಿಸಿಕೊಂಡೇ ಒಂದು ಮಾತು ಹೇಳಿದಳು. ಮೊಮ್ಮಗಳು ಎಲೆಯ ಮುಂದಿನಿಂದ ಎದ್ದು ಕುಣಿಯತೊಡಗಿದಳು. ಬೇಸಿಗೆಯ ದೊಡ್ಡ ರಜೆಯಲ್ಲಿ ಅವಳನ್ನು ಗ್ರಾಂಪಾ ಮನೆಗೆ ಕಳಿಸುತ್ತಾರೆ!

ನಾನೂ ಕುಣಿಯುವುದರಲ್ಲಿದ್ದೆ. ಆಗ ಹೊಳೆಯಿತು: ಆ ದೊಡ್ಡ ರಜೆಗೆ ಅವಳು ಇಲ್ಲಿಗೆ ಬರುವುದೆಂದು ಮಾತಾಗಿತ್ತು. ಹುಳಿ ಸೌಟು ಕೈಯಲ್ಲೇ ಹಿಡಿದು ನಿಂತೆ. ಯಾರೂ ಗಮನಿಸಲಿಲ್ಲ ಎಂದುಕೊಂಡರೆ, ಬೀಗರು ಗಮನಿಸಿದ್ದರು. ಮೊಮ್ಮಗಳಿಗೆ ಏನೋ ಹೇಳಿದರು.

"ಅಜ್ಜಿ, ನೀನೂ ಬರ್ಬೇಕಂತೆ. ತಾತಾನೂ. ಅವರ ಮನೇಲಿ ಮೂರು ರೂಮು ಖಾಲಿ ಇದೆಯಂತೆ. ಬಾಗ್ಲು ಎತ್ತರ ಇದೆಯಂತೆ, ತಲೆಗೆ ಹೊಡಿಯಲ್ವಂತೆ!"

ನನ್ನ ಜೀವನದಲ್ಲಿ ನಾನು ಹೋದ ದೂರದ ಊರು ತಿರುಪತಿ. ಅವರೆಲ್ಲ ವಿಮಾನ ಹತ್ತಿದ ವಾರವೇ ಗಾಂಧಿ ಬಜಾರಿನ ಹತ್ತಿರ ಒಂದು ಸ್ಟುಡಿಯೋಗೆ ಪಾಸ್‌ಪೋರ್ಟಿನ ಫೋಟೋ ತೆಗೆಸಲು ಹೋದೆವು. ಯಜಮಾನರದು ಒಂದೇ ಏಟಿಗೆ ಆಯಿತು. ನನ್ನನ್ನು ಕೂರಿಸಿ ಫೋಟೋ ತೆಗೆಯುವ ಹುಡುಗಿ ಕ್ಯಾಮೆರಾದ ಹಿಂದಿನಿಂದ ತಲೆ ಹೊರಗೆ ಹಾಕಿದಳು.

"ಅಮ್ಮಾ, ಹಲ್ಲು ಕಾಣಬಾರ್ದು. ಇದಕ್ಕೆ ನಗೋ ಹಾಗಿಲ್ಲ."

ಬಾಯಿ ಮುಚ್ಚಿದೆ. ಅವಳು ಕ್ಲಿಕ್ಕಿಸುವಷ್ಟರಲ್ಲಿ ತೆರೆದುಕೊಂಡಿತು. ಮತ್ತೆ ಮುಚ್ಚಿದೆ, ಮತ್ತೆ ಹಾಗೇ ಆಯಿತು.

"ಏನಾದ್ರೂ ಬೇಜಾರಿನ ವಿಷಯ ನೆನೆಸ್ಕೊಳ್ಳಮ್ಮ" ಎಂದಳು ಅವಳು, ಕೈಮುಗಿದು.

ಹುಡುಕಿದೆ. ಆ ಹೊತ್ತಿಗೆ ಒಂದೂ ಸಿಗಲಿಲ್ಲ.